ನಮ್ಮ ಡೇರಿ, ನಮ್ಮ ಜಗಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಎರಡು ಮಾತಾಡು ಎಂದು ಸಮಿತಿಯವರು ಹೇಳಿದ್ದಾರೆ. ನಾನು ಹಾಲಿನ ಡೇರಿಯಿಂದ ಶುರು ಮಾಡುತ್ತೇನೆ.

ನಮ್ಮೂರ ಹಾಲು ಉತ್ಪಾದಕರ ಸಂಘಕ್ಕೆ ನಮ್ಮವರೇ ಸದಸ್ಯರು, ನಮ್ಮವರೇ ಅಧ್ಯಕ್ಷರು. ಪಕ್ಕದೂರಿಗೆ ಅವರದೇ ಸಂಘ. ಆದರೂ ಎಲ್ಲರ ಹಾಲೂ ಒಕ್ಕೂಟಕ್ಕೆ ಸೇರಿ ನಂದಿನಿಯಾಗುತ್ತದೆ. ಮ್ಯಾಸ್ಟೊಡಾನ್ ಎಂಬ ಜಾಲತಾಣ ಹೆಚ್ಚುಕಡಿಮೆ ಹೀಗೇ. ಯೂಜೆನ್ ರೋಚ್ಕೊ ಎಂಬ ಜರ್ಮನಿಯ ತರುಣ 2016ರಲ್ಲಿ ಇದನ್ನು ಹೊರತಂದ. ಫೇಸ್‌ಬುಕ್‌ನಂತೆ ಇದಕ್ಕೆ ಒಬ್ಬನೇ ಮಾಲೀಕನಿಲ್ಲ. ಸಾವಿರಾರು ಸರ್ವರ್‌ಗಳಿವೆ, ಒಂದೊಂದನ್ನು ಒಂದೊಂದು ಗುಂಪು ನಡೆಸುತ್ತದೆ. ಎಲ್ಲವೂ ಆಕ್ಟಿವಿಟಿಪಬ್ ಎಂಬ ಒಂದೇ ನಿಯಮ ಪಾಲಿಸುವುದರಿಂದ ಈ ಸರ್ವರಿನವರು ಆ ಸರ್ವರಿನವರ ಜೊತೆ ಮಾತಾಡಬಹುದು. ಡೇರಿಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಮೇಲೆ ಕೂತ ಮಹಾಮಂಡಳವಿಲ್ಲ. (ಅದು ಒಳ್ಳೆಯದೋ ಕೆಟ್ಟದ್ದೋ, ಡೇರಿ ಅಧ್ಯಕ್ಷರನ್ನೇ ಕೇಳಬೇಕು.)

ಬ್ರಿಟನ್ನಿನ ವೇಲ್ಸ್ ನಾಡನ್ನು ನೋಡಿ. 2021ರ ಜನಗಣತಿಯಂತೆ ಅಲ್ಲಿ ವೆಲ್ಶ್ ಭಾಷೆ ಬಲ್ಲವರು ಸುಮಾರು 5.38 ಲಕ್ಷ. ನಮ್ಮ ಒಂದೆರಡು ತಾಲ್ಲೂಕಿನಷ್ಟು ಜನ! ಅವರಿಗೆ ‘ಟೂಟ್ ವೇಲ್ಸ್’ ಎಂಬ ಸ್ವಂತ ಸರ್ವರ್ ಇದೆ. ವೆಲ್ಶ್, ಇಂಗ್ಲಿಷ್ ಎರಡೂ ಅಲ್ಲಿ ನಡೆಯುತ್ತವೆ. ಇಂಥ ಸರ್ವರಿಗೆ ಸೇರಿದವರಿಗೆ ‘ಲೋಕಲ್’ ಎಂಬ ಒಂದು ಪುಟ ಕಾಣುತ್ತದೆ. ಅದರಲ್ಲಿ ಆ ಸರ್ವರಿನವರ ಮಾತು ಮಾತ್ರ, ಬರೆದ ಕ್ರಮದಲ್ಲೇ. ನಮ್ಮ ಅರಳಿಕಟ್ಟೆ ಅಂದುಕೊಳ್ಳಿ. ಯಾರನ್ನು ಮೇಲೆತ್ತಬೇಕು, ಯಾರನ್ನು ಕೆಳಗೆ ತಳ್ಳಬೇಕು ಎಂದು ಲೆಕ್ಕ ಹಾಕುವ ಯಂತ್ರ ಅಲ್ಲಿಲ್ಲ. ಹೊಸಬರು ‘ನಾನು ಇಂಥವನು, ಇಂಥ ಊರಿನವನು’ ಎಂದು ನಾಲ್ಕು ಸಾಲು ಪರಿಚಯ ಬರೆಯುವುದು ರೂಢಿ. ಹೊಸ ಸೊಸೆ ಮನೆಮನೆಗೆ ಹೋಗಿ ಬಂದಂತೆ.

ನನಗೆ ಮುಖ್ಯವಾಗಿ ಕಾಣುವುದು ಬೈಗುಳದ ವಿಷಯ. ಕನ್ನಡದಲ್ಲಿ ಒಬ್ಬಳು ಹುಡುಗಿಯನ್ನು ಜಾತಿ ಹಿಡಿದು ಹೀಯಾಳಿಸಿದರೆ, ದೂರದ ಕಂಪನಿಯ ಯಂತ್ರಕ್ಕೆ ಅದು ಬೈಗುಳವೋ ಗಾದೆಯೋ ಗೊತ್ತಾಗುವುದು ಕಷ್ಟ. ಊರಿನ ಸರ್ವರ್ ನೋಡಿಕೊಳ್ಳುವವರಿಗೆ ಮಾತಿನ ಮುಳ್ಳು ಎಲ್ಲಿದೆ ಎಂದು ಗೊತ್ತಿರುತ್ತದೆ. 2011ರ ಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಅಷ್ಟು ಜನ ಬಾಡಿಗೆ ಜಗಲಿಯಲ್ಲೇ ಕೂರಬೇಕೆ?

ನನ್ನ ವಯಸ್ಸಿನವರಿಗೆ ಆರ್ಕುಟ್ ನೆನಪಿರಬಹುದು. 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ನಾವು ಜಗಳವಾಡಿ ಹೊರಟದ್ದಲ್ಲ. ಮನೆಯವನು ಬಾಗಿಲು ಹಾಕಿದ. ಈಗ ಈ ಶಾಲೆಯ ಐವತ್ತು ವರ್ಷದ ಫೋಟೊಗಳನ್ನೆಲ್ಲ ಮತ್ತೊಂದು ಕಂಪನಿಯ ಗುಂಪಿನಲ್ಲಿ ಹಾಕುತ್ತಿದ್ದೇವೆ.

ತೊಡಕೂ ಇದೆ. ಸರ್ವರಿಗೆ ತಿಂಗಳ ಬಾಡಿಗೆ ಕಟ್ಟಬೇಕು, ಸಾಮಾನ್ಯವಾಗಿ ಚಂದಾ ಎತ್ತಿಯೇ. ನಡೆಸುವವರು ಬೇಸತ್ತರೆ ಅದೂ ಮುಚ್ಚುತ್ತದೆ. ಬೇರೆ ಸರ್ವರಿಗೆ ಖಾತೆ ಒಯ್ಯುವಾಗ ನಿಮ್ಮನ್ನು ಹಿಂಬಾಲಿಸುವವರು ಜೊತೆಗೆ ಬರುತ್ತಾರೆ, ಹಳೆಯ ಬರಹ ಬರುವುದಿಲ್ಲ. ಇಬ್ಬರ ನಡುವಿನ ಖಾಸಗಿ ಸಂದೇಶವನ್ನೂ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು, ಹಾಗಾಗಿ ಬ್ಯಾಂಕಿನ ವಿಷಯ ಅಲ್ಲಿ ಬೇಡ. ಫೇಸ್‌ಬುಕ್ಕಿನಷ್ಟು ಜನರಂತೂ ಸಿಗುವುದಿಲ್ಲ.

ನಮ್ಮ ಶಾಲೆಗೊಂದು ಸರ್ವರ್ ನಡೆಸಲು ವರ್ಷವಿಡೀ ಹೊಣೆ ಹೊರುವ ಮೂವರಾದರೂ ಬೇಕು; ಒಬ್ಬ ನಾನಾಗುತ್ತೇನೆ. ಉಳಿದಿಬ್ಬರು ಊಟದ ನಂತರ ಕಂಪ್ಯೂಟರ್ ಕೊಠಡಿಗೆ ಬನ್ನಿ. ಖಾತೆ ತೆರೆಯಬೇಕೆನ್ನುವವರು ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ಅಲ್ಲಿ ಪ್ಲಗ್ ಎರಡೇ ಇವೆ.