ಮದ್ರಾಸಿನಲ್ಲಿ ಸಿಕ್ಕ ‘ಏಷ್ಯಾ’: ಕ್ಷುದ್ರಗ್ರಹಕ್ಕೆ ಹೆಸರಿಡೋದು ಯಾರು?

‘ದುಡ್ಡು ಕಟ್ಟಿ, ಆಕಾಶದಲ್ಲಿ ನಿಮ್ಮ ಹೆಸರು ಇಡ್ತೀವಿ, ಸರ್ಟಿಫಿಕೇಟೂ ಕೊಡ್ತೀವಿ’ ಅನ್ನೋ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ದುಡ್ಡು ಕಳಿಸೋ ಮೊದಲು ಈ ಕಥೆ ಕೇಳಿ.

1861ನೇ ಇಸವಿ, ಮದ್ರಾಸು. ಅಲ್ಲಿನ ವೀಕ್ಷಣಾಲಯಕ್ಕೆ ನಾರ್ಮನ್ ಪಾಗ್ಸನ್ ಅನ್ನೋ ಇಂಗ್ಲಿಷ್ ಖಗೋಳಜ್ಞ ಆಗಷ್ಟೇ ಬಂದಿದ್ದರು. ಮಂಗಳ ಮತ್ತು ಗುರು ಗ್ರಹಗಳ ಮಧ್ಯೆ ಸೂರ್ಯನನ್ನು ಸುತ್ತುವ ಬಂಡೆಗಳೇ ಈ ಪಟ್ಟಿಯ ಕ್ಷುದ್ರಗ್ರಹಗಳು. ದೂರದರ್ಶಕದಲ್ಲಿ ನೋಡಿದರೆ ಅದೂ ಒಂದು ಚುಕ್ಕಿ, ಪಕ್ಕದ ನಕ್ಷತ್ರವೂ ಒಂದು ಚುಕ್ಕಿ. ಗುರುತು ಹಿಡಿಯೋದು ಹೇಗೆ? ನಕ್ಷತ್ರಗಳ ನಕ್ಷೆ ಮುಂದಿಟ್ಟುಕೊಂಡು ಆಕಾಶದ ಒಂದೊಂದೇ ತುಂಡನ್ನ ಕಣ್ಣಿನಿಂದಲೇ ಹೋಲಿಸಬೇಕು. ನಕ್ಷೆಯಲ್ಲಿ ಇಲ್ಲದ ಚುಕ್ಕಿ ಕಂಡರೆ ಮತ್ತೆ ಮತ್ತೆ ನೋಡಬೇಕು. ಅದು ಜಾಗ ಬದಲಿಸಿದ್ದರೆ ನಕ್ಷತ್ರ ಅಲ್ಲ.

ಏಪ್ರಿಲ್ 17ರಂದು ಪಾಗ್ಸನ್‌ಗೆ ಅಂಥದ್ದೊಂದು ಸಿಕ್ತು. ಏಷ್ಯಾ ಖಂಡದಿಂದ ಪತ್ತೆಯಾದ ಮೊಟ್ಟಮೊದಲ ಕ್ಷುದ್ರಗ್ರಹ ಅದು. ಸಂಖ್ಯೆ 67, ಹೆಸರು ಏಷ್ಯಾ. ಆಗೆಲ್ಲ ಗ್ರೀಕ್, ರೋಮನ್ ಪುರಾಣದ ಸ್ತ್ರೀಯರ ಹೆಸರಿಡೋದು ವಾಡಿಕೆ. ಗ್ರೀಕ್ ಪುರಾಣದಲ್ಲಿ ಏಷ್ಯಾ ಅನ್ನೋ ದೇವತೆಯೂ ಇದ್ದಾಳೆ. ವಾಡಿಕೆಯೂ ಉಳೀತು, ಖಂಡದ ಹೆಸರೂ ಮೇಲೇರಿತು. ಜಾಣ ಆಯ್ಕೆ ಅಲ್ವಾ?

ಆದರೆ ಒಮ್ಮೆ ಕಂಡ ಮಾತ್ರಕ್ಕೆ ನಮ್ಮದಾಗಲ್ಲ. 1801ರಲ್ಲಿ ಮೊದಲು ಸಿಕ್ಕ ಸಿರಿಸ್ ಕೂಡ ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿಬಿಟ್ಟಿತ್ತು. ಗಣಿತಜ್ಞ ಗೌಸ್ ಅದರ ದಾರಿ ಲೆಕ್ಕ ಹಾಕಿ ಕೊಟ್ಟ ಮೇಲೇ ವರ್ಷದ ಕೊನೆಗೆ ಮತ್ತೆ ಸಿಕ್ಕಿದ್ದು. ಅದಕ್ಕೇ ಇವತ್ತಿಗೂ ಮೊದಲು ತಾತ್ಕಾಲಿಕ ಗುರುತು, ಕಕ್ಷೆ ಖಚಿತವಾದ ಮೇಲೆ ಸಂಖ್ಯೆ, ಆಮೇಲಷ್ಟೇ ಹೆಸರು.

ಮದ್ರಾಸಿನಿಂದ ಪಾಗ್ಸನ್ ಇನ್ನೂ ಕೆಲವನ್ನು ಹುಡುಕಿದರು, ಕೊನೆಯದು 1885ರಲ್ಲಿ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಭಾರತದಿಂದ ಒಂದೂ ಇಲ್ಲ! 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರಿನಲ್ಲಿ ಆರ್. ರಾಜಮೋಹನ್ ಒಂದನ್ನು ಪತ್ತೆ ಮಾಡಿದರು. ಆ ವೀಕ್ಷಣಾಲಯ ನಡೆಸೋದು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಈ ಸಂಸ್ಥೆಯ ಬೇರು ಇರೋದೂ ಅದೇ ಹಳೇ ಮದ್ರಾಸ್ ವೀಕ್ಷಣಾಲಯದಲ್ಲಿ. ಹೊಸ ಕ್ಷುದ್ರಗ್ರಹದ ತಾತ್ಕಾಲಿಕ ಗುರುತು 1988 ಡಿಕ್ಯೂ1. ‘ಡಿ’ ಅಂದ್ರೆ ಫೆಬ್ರವರಿಯ ಎರಡನೇ ಅರ್ಧ. ಆಮೇಲೆ ಸಿಕ್ಕ ಸಂಖ್ಯೆ 4130, ಹೆಸರು ರಾಮಾನುಜನ್. ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಗಣಿತಜ್ಞ ರಾಮಾನುಜನ್. ಏಷ್ಯಾ ಅನ್ನೋ ಗ್ರೀಕ್ ದೇವತೆಗಿಂತ ಈ ಹೆಸರು ನನಗೆ ಹೆಚ್ಚು ಇಷ್ಟ.

ಇನ್ನು ಆ ಸರ್ಟಿಫಿಕೇಟಿನ ವಿಷಯ. ಕ್ಷುದ್ರಗ್ರಹದ ಹೆಸರು ಮಾರಾಟಕ್ಕಿಲ್ಲ. ಸಂಖ್ಯೆ ಸಿಕ್ಕ ಮೇಲೆ ಹತ್ತು ವರ್ಷ ಹೆಸರು ಸೂಚಿಸುವ ಹಕ್ಕು ಪತ್ತೆ ಮಾಡಿದವರದ್ದು, ಒಪ್ಪೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಹೆಸರು 16 ಅಕ್ಷರ ಮೀರಬಾರದು. ರಾಜಕಾರಣಿಗಳ ಹೆಸರಿಡಬೇಕಾದರೆ ಅವರು ತೀರಿಕೊಂಡು ನೂರು ವರ್ಷ ಆಗಿರಬೇಕು. ನಮ್ಮೂರಿನ ಸರ್ಕಲ್‌ಗಳಿಗೂ ಈ ನಿಯಮ ಇದ್ದಿದ್ದರೆ ಅನ್ನಿಸ್ತು! ಸಾಕಿದ ನಾಯಿ, ಬೆಕ್ಕಿನ ಹೆಸರಿಗೂ ಅಲ್ಲಿ ಪ್ರೋತ್ಸಾಹ ಇಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.