ಕೊಳೆಗೇರಿ ನಿವಾಸಿಗಳ ವಸತಿ ಹಕ್ಕು: ಅಧಿವೇಶನವೊಂದರ ಸಾಧನೆ



ಶಾಸಕಾಂಗದ ಅಧಿವೇಶನ ಎಷ್ಟು ದಿನ ನಡೆಯಿತು, ಎಷ್ಟು ವಿಧೇಯಕಗಳು ಅಂಗೀಕೃತವಾದವು ಎಂದು ಲೆಕ್ಕ ಹಾಕುವುದು ವಾಡಿಕೆ. ಆದರೆ ಅದರ ನಿಜವಾದ ಸಾಧನೆ ತಿಳಿಯುವುದು ಕಾನೂನು ಜನರ ಹೊಸ್ತಿಲನ್ನು ಮುಟ್ಟಿದಾಗ. ಮಹಾರಾಷ್ಟ್ರ ವಿಧಾನಮಂಡಲದ 2014ರ ಆಯವ್ಯಯ ಅಧಿವೇಶನವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಲೋಕಸಭಾ ಚುನಾವಣೆ ಸಮೀಪಿಸಿದ್ದ ಕಾರಣ ಅದು ಕಿರು ಅಧಿವೇಶನವಾಗಿತ್ತು. ಆದರೂ 1971ರ ಮಹಾರಾಷ್ಟ್ರ ಕೊಳೆಗೇರಿ ಪ್ರದೇಶಗಳ ಅಧಿನಿಯಮಕ್ಕೆ ಮಹತ್ವದ ತಿದ್ದುಪಡಿಯೊಂದು ಅದರಲ್ಲಿ ಅಂಗೀಕೃತವಾಯಿತು. ಅದುವರೆಗೆ 1995ರ ಜನವರಿ 1ಕ್ಕೆ ಮೊದಲು ವಾಸವಾಗಿದ್ದವರಿಗೆ ಮಾತ್ರ ದೊರೆಯುತ್ತಿದ್ದ ಕಾನೂನಿನ ರಕ್ಷಣೆ 2000ದ ಜನವರಿ 1ರವರೆಗಿನವರಿಗೂ ವಿಸ್ತರಿಸಿತು.

ಐದು ವರ್ಷಗಳ ಈ ಅಂತರ ಕಾಗದದ ಮೇಲೆ ಸಣ್ಣದು. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಕೊಳೆಗೇರಿಗಳಲ್ಲಿ ಸುಮಾರು 52 ಲಕ್ಷ ಜನರಿದ್ದರು. ಎಂದರೆ ನಗರದ ನೂರು ಮಂದಿಯಲ್ಲಿ ಸುಮಾರು 42 ಮಂದಿ. ಇವರಲ್ಲಿ ಅನೇಕರಿಗೆ ಆ ಅಂತರವೇ ಸೂರಿಗೂ ಬೀದಿಗೂ ನಡುವಣ ಗೆರೆ. ರಕ್ಷಿತ ನಿವಾಸಿಯನ್ನು ಸುಮ್ಮನೆ ಒಕ್ಕಲೆಬ್ಬಿಸುವಂತಿಲ್ಲ. ವಿಶಾಲ ಸಾರ್ವಜನಿಕ ಹಿತಕ್ಕಾಗಿ ಜಾಗ ಬೇಕಾದರೆ ಪುನರ್ವಸತಿ ಕಲ್ಪಿಸಬೇಕು.

ಘಾಟ್ಕೋಪರಿನ ಜನರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಲ್ಲಿಯ ಪಶ್ಚಿಮ ಭಾಗದ ಗುಡ್ಡದ ಇಳಿಜಾರುಗಳಲ್ಲಿ ಗುಡಿಸಲುಗಳು ಒಂದರ ಮೇಲೊಂದು ಏರಿ ನಿಂತಿವೆ. 2000ದ ಜುಲೈ 12ರಂದು ಸುರಿದ ಮಳೆಗೆ ಆಜಾದ್ ನಗರದಲ್ಲಿ ಗುಡ್ಡ ಕುಸಿದು ಅರವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಇಂತಹ ಸ್ಥಳದಲ್ಲಿ, ಇರುವಲ್ಲೇ ಇರುವ ಹಕ್ಕಿನಷ್ಟೇ ಸುರಕ್ಷಿತವಾದ ಬೇರೆಡೆಗೆ ಹೋಗುವ ಹಕ್ಕೂ ಮುಖ್ಯ.

ಆದರೆ ಕಾನೂನು ಹಕ್ಕನ್ನು ಕೊಡುತ್ತದೆ. ಅದನ್ನು ಸಿದ್ಧಪಡಿಸಿ ತೋರಿಸುವುದು ದಾಖಲೆ. ಮತದಾರರ ಪಟ್ಟಿ, ವಿದ್ಯುತ್ ಬಿಲ್ಲು ಮೊದಲಾದವುಗಳ ಆಧಾರದ ಮೇಲೆ ಸಕ್ಷಮ ಪ್ರಾಧಿಕಾರಿ ಅರ್ಹತೆಯನ್ನು ನಿರ್ಣಯಿಸುತ್ತಾರೆ. ಕೂಲಿಗಾಗಿ ಊರು ಬಿಟ್ಟು ಬಂದವರಲ್ಲಿ ಮತವನ್ನೂ ಪಡಿತರ ಚೀಟಿಯನ್ನೂ ಊರಿನಲ್ಲೇ ಉಳಿಸಿಕೊಂಡವರುಂಟು. ಹತ್ತಾರು ವರ್ಷ ಇಲ್ಲಿಯೇ ದುಡಿದರೂ ಅಂಥವರು ದಾಖಲೆಯಲ್ಲಿ ಇಲ್ಲದವರೇ ಆಗುತ್ತಾರೆ. ಆದುದರಿಂದ ಹಳೆಯ ಕಾಗದಪತ್ರಗಳನ್ನು ಜೋಪಾನವಾಗಿಡುವುದು, ಹೆಸರಿನ ವ್ಯತ್ಯಾಸಗಳನ್ನು ಕಾಲದಲ್ಲಿ ಸರಿಪಡಿಸಿಕೊಳ್ಳುವುದು, ಮಧ್ಯವರ್ತಿಗಳಿಗೆ ಮೂಲ ದಾಖಲೆಗಳನ್ನು ಒಪ್ಪಿಸದಿರುವುದು ಅವಶ್ಯ.

2000ದ ಅನಂತರ ಬಂದವರ ಪ್ರಶ್ನೆಯನ್ನು ಆ ಅಧಿವೇಶನ ಬಗೆಹರಿಸಲಿಲ್ಲ. ಮುಂದಿನ ತಿದ್ದುಪಡಿಯೊಂದು 2011ರ ಜನವರಿ 1ರವರೆಗಿನವರಿಗೆ ಶುಲ್ಕ ಸಹಿತ ಪುನರ್ವಸತಿಯ ದಾರಿ ತೆರೆಯಿತು. 2023ರಲ್ಲಿ ಆ ಶುಲ್ಕವನ್ನು ಎರಡೂವರೆ ಲಕ್ಷ ರೂಪಾಯಿಗಳೆಂದು ನಿಗದಿಪಡಿಸಲಾಯಿತು. ದಿನಗೂಲಿಯ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ.

ದಿನಾಂಕವನ್ನು ಮುಂದೂಡುತ್ತ ಹೋದರೆ ಒತ್ತುವರಿಗೆ ಉತ್ತೇಜನ ದೊರೆಯುತ್ತದೆಂಬ ಆಕ್ಷೇಪಣೆಯೂ ಉಂಟು. ಅದನ್ನು ತಳ್ಳಿಹಾಕಲಾಗದು. ದುಡಿಯುವವನ ಕೈಗೆಟುಕುವ ಬಾಡಿಗೆಯ ಮನೆಗಳು ನಗರದಲ್ಲಿ ಸಾಕಷ್ಟು ಇರುವವರೆಗೆ ಗುಡಿಸಲುಗಳು ಏಳುತ್ತಲೇ ಇರುತ್ತವೆ ಎಂಬುದೇ ಅದಕ್ಕೆ ಉತ್ತರವಲ್ಲ. ಅಂಥ ಮನೆಗಳು ಸಾಲದಿರುವುದೇ ಮೂಲ ಕಾರಣ ಎಂಬುದು ಉತ್ತರ.

ಶಾಸಕಾಂಗ ಒಂದು ಅಧಿವೇಶನದಲ್ಲಿ ದಿನಾಂಕವನ್ನು ಬದಲಿಸಬಲ್ಲದು. ಮನೆ ಕಟ್ಟಲು ಆಡಳಿತದ ದಕ್ಷತೆಯೂ ನಾಗರಿಕರ ಜಾಗೃತಿಯೂ ಕೂಡಿಬರಬೇಕು. ತಮ್ಮ ಹಕ್ಕನ್ನು ತಿಳಿದ ಜನರೇ ಕಾನೂನಿಗೆ ನಿಜವಾದ ಬಲ.