ಗಡಿ ದಾಟಿದ ಗಾಡಿ

(ಪುಣೆಯಲ್ಲಿ ಸಂಘದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ಪಂಪನನ್ನು ಕುರಿತು, ವಚನಗಳನ್ನು ಕುರಿತು, ಗಡಿಪ್ರಶ್ನೆಯನ್ನು ಕುರಿತು ಉಪನ್ಯಾಸ ಕೇಳಿದ ತಮಗೆ ಇಂದು ಮೋಟಾರು ವಾಹನದ ನೋಂದಣಿಯನ್ನು ಕುರಿತು ಕೇಳುವ ಪ್ರಸಂಗ ಒದಗಿದೆ. ಕಾರ್ಯದರ್ಶಿಗಳು ವಿಷಯ ಸೂಚಿಸಿದಾಗ ನನಗೂ ನಗು ಬಂದಿತ್ತು. ಆದರೆ ಹೊರನಾಡಿನಲ್ಲಿ ನೆಲೆಸಿದವನ ಮನೆಬಾಗಿಲಿಗೆ ಗಡಿಪ್ರಶ್ನೆ ಬಂದು ನಿಲ್ಲುವುದು ಕಾರಿನ ನಂಬರ್ ಪ್ಲೇಟಿನ ರೂಪದಲ್ಲಿಯೇ ಅಲ್ಲವೆ? 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಇಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ವಾರ ಊರಿಗೆ ಹೊರಟಿದ್ದ ನಾನು 'ಎಂ.ಎಚ್.' ಎಂದು ಬರೆದ ನನ್ನ ಕಾರನ್ನು ಇಲ್ಲಿಯೇ ಬಿಟ್ಟು ರೈಲು ಹತ್ತಿದೆ.

ಮೊದಲು ನನ್ನದೇ ಪ್ರಮಾದವನ್ನು ಹೇಳಿಬಿಡುತ್ತೇನೆ. 2013ರಲ್ಲಿ ಧಾರವಾಡದಿಂದ ಇಲ್ಲಿಗೆ ವರ್ಗವಾದಾಗ ಹಳೆಯ ಕಾರನ್ನು ಮಾರಿದೆ. ಕೊಂಡವರು ಸಾಂಗ್ಲಿ ಕಡೆಯವರು. ನಮೂನೆ 29 ಹಾಗೂ 30ಕ್ಕೆ ಸಹಿ ಮಾಡಿ, ಹಣ ಎಣಿಸಿಕೊಂಡು, ಕೀಲಿಕೈ ಕೊಟ್ಟೆ. ಮಿಕ್ಕಿದ್ದನ್ನೆಲ್ಲ ಏಜೆಂಟ್ ನೋಡಿಕೊಳ್ಳುವುದಾಗಿ ಹೇಳಿದ. ಕಡತಗಳ ನಡುವೆಯೇ ಆಯುಷ್ಯ ಕಳೆದ ನಾನು ಅದನ್ನು ನಂಬಿದೆ. ಮೂರು ವರ್ಷಗಳಾದ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಸಮನ್ಸು ಬಂದಿತು. ಆ ಕಾರು ಡಿಕ್ಕಿ ಹೊಡೆದು ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನೊಬ್ಬ ತೀರಿಕೊಂಡಿದ್ದ. ದಾಖಲೆಯಲ್ಲಿ ಮಾಲೀಕ ನಾನೇ. ಹುಡುಗನ ತಾಯಿಯನ್ನು ನ್ಯಾಯಮಂಡಳಿಯ ಪಡಸಾಲೆಯಲ್ಲಿ ಕಂಡೆ. ಕಾರಿನ ಒಡೆಯ ಇವನೇ ಎಂಬಂತೆ ಆಕೆ ನನ್ನನ್ನು ನೋಡಿದರು. ಕಾನೂನಿನ ದೃಷ್ಟಿಯಲ್ಲಿ ಆಕೆ ತಿಳಿದದ್ದು ತಪ್ಪಾಗಿರಲಿಲ್ಲ. ಕೊಂಡಾತ ನನ್ನ ಹೆಸರಿನಲ್ಲಿಯೇ ವಿಮೆಯನ್ನು ಪ್ರತಿವರ್ಷ ನವೀಕರಿಸುತ್ತ ಬಂದಿದ್ದರಿಂದ ಪರಿಹಾರವನ್ನು ವಿಮಾ ಕಂಪನಿ ತೆತ್ತಿತು. ಒಂದು ವರ್ಷದ ಕಂತು ತಪ್ಪಿದ್ದರೂ ನನ್ನ ಭವಿಷ್ಯನಿಧಿ ಕರಗುತ್ತಿತ್ತು. ವಾಹನ ಎಷ್ಟು ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ.

ಇನ್ನು ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 46ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ಭಾರತದಲ್ಲಿ ಸಿಂಧು. 47ನೆಯ ಕಲಮು ಇದಕ್ಕೊಂದು ಮಿತಿ ಹಾಕುತ್ತದೆ: ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಈ ಹನ್ನೆರಡು ತಿಂಗಳು ಎಂಬುದು ನಮ್ಮವರಿಗೆ ಎಷ್ಟು ಮುಖ್ಯವೆಂಬುದು 2014ರಲ್ಲಿ ಗೊತ್ತಾಯಿತು. ಆ ವರ್ಷ ಕರ್ನಾಟಕ ಸರ್ಕಾರ ತನ್ನ ತೆರಿಗೆ ಕಾಯಿದೆಯನ್ನು ತಿದ್ದಿ, ಮೂವತ್ತು ದಿನ ಮೀರಿ ಉಳಿದ ಹೊರರಾಜ್ಯದ ವಾಹನಕ್ಕೆ ಆಜೀವ ತೆರಿಗೆ ಕೇಳತೊಡಗಿತು. ಬೇಸಿಗೆ ರಜೆಗೆ ಮಕ್ಕಳೊಡನೆ ಊರಿಗೆ ಹೋದ ಕನ್ನಡಿಗನೂ ಆಗ ಟೋಲಿನ ಚೀಟಿಯನ್ನು ಜೋಪಾನ ಮಾಡಬೇಕಾಯಿತು. 2016ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಆ ತಿದ್ದುಪಡಿ ಸಲ್ಲದೆಂದಿತು. ಹೊರನಾಡ ಕನ್ನಡಿಗರನ್ನು ಸಮ್ಮೇಳನದ ವೇದಿಕೆಯಲ್ಲಿ ಶಾಲು ಹೊದಿಸಿ ಸನ್ಮಾನಿಸುವ ಸರ್ಕಾರ ರಸ್ತೆಯ ಮೇಲೆ ಅವರನ್ನು ತೆರಿಗೆಗಳ್ಳರಂತೆ ಕಂಡಿತೆಂಬ ನೋವು ನನಗೆ ಇನ್ನೂ ಹೋಗಿಲ್ಲ.

ಬೇರೆ ರಾಜ್ಯದ ಕಾರು ಕೊಳ್ಳುವವರು ಮಾರುವವರಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರವನ್ನು ಕಡ್ಡಾಯವಾಗಿ ಪಡೆಯಬೇಕು. ಅರ್ಜಿಯಿತ್ತ ಮೂವತ್ತು ದಿನಗಳಲ್ಲಿ ಕಚೇರಿ ಏನೂ ತಿಳಿಸದಿದ್ದರೆ ಪತ್ರ ಕೊಟ್ಟಂತೆಯೇ ಎಂದು 48ನೆಯ ಕಲಮು ಹೇಳುತ್ತದೆ. ಸ್ವೀಕೃತಿ ರಶೀದಿಯನ್ನು ಕಳೆಯಬೇಡಿ. ಮಾರುವವರು ಹಸ್ತಾಂತರದ ವರದಿಯನ್ನು ರಾಜ್ಯದೊಳಗಾದರೆ 14 ದಿನಗಳಲ್ಲಿ, ಹೊರಗಾದರೆ 45 ದಿನಗಳಲ್ಲಿ ಕೊಡಬೇಕು. ನಾನು ಮಾಡದೆ ಬಿಟ್ಟದ್ದು ಇದನ್ನೇ. ಹೊಸ ರಾಜ್ಯದಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಿ, ಹಳೆಯ ರಾಜ್ಯದಿಂದ ಉಳಿಕೆಯನ್ನು ಮರಳಿ ಕೇಳಬಹುದು. ಕೇಳಬಹುದು ಎಂದೆ, ನನ್ನ ಇನ್ನೊಂದು ಕಾರಿನ ಮರುಪಾವತಿಗಾಗಿ ಒಂದು ಕಚೇರಿಗೆ ಐದು ಸಲ ಅಲೆದು ಆರನೆಯ ಸಲ ಹೋಗುವುದನ್ನೇ ಬಿಟ್ಟೆ.

ಹೊಸ ಕಾರಿನ ಕಥೆ ಬೇರೆ. ರಾಜಸ್ಥಾನದ ಶ್ರೀಗಂಗಾನಗರದ ನಿವಾಸಿಯೊಬ್ಬರು 2011ರಲ್ಲಿ ಪಂಜಾಬಿನಲ್ಲಿ ಹೊಸ ಬೊಲೆರೊ ಕೊಂಡರು. ತಾತ್ಕಾಲಿಕ ನೋಂದಣಿಯ ಅವಧಿ ಜುಲೈ 19ಕ್ಕೆ ಮುಗಿಯಿತು. 28ರಂದು ಜೋಧಪುರದ ಅತಿಥಿಗೃಹದ ಹೊರಗಿನಿಂದ ಗಾಡಿ ಕಳವಾಯಿತು. ವಿಮೆ ಚಾಲ್ತಿಯಲ್ಲಿತ್ತು, ಕಂತು ಪೂರ್ಣವಾಗಿ ಕಟ್ಟಿತ್ತು. ಆದರೂ ನೋಂದಣಿಯಿಲ್ಲದ ವಾಹನವನ್ನು ರಸ್ತೆಗೆ ತಂದದ್ದು ಕರಾರಿನ ಮೂಲಭೂತ ಉಲ್ಲಂಘನೆಯೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆರು ಲಕ್ಷಕ್ಕೂ ಮಿಕ್ಕ ಹಣ ಆ ಒಂಬತ್ತು ದಿನಗಳಲ್ಲಿ ಹೋಯಿತು.

ಹಳೆಯ ಕಾರು ಕೊಳ್ಳುವವರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಒಡೆತನ ಬದಲಾದೊಡನೆ ವಿಮೆಯೂ ತಾನಾಗಿ ಬರುತ್ತದೆಂದು 157ನೆಯ ಕಲಮನ್ನು ತೋರಿಸುತ್ತಾರೆ. ಬರುವುದು ಮೂರನೆಯವರ ಹಾನಿಯ ಭಾಗ ಮಾತ್ರ. ನಿಮ್ಮ ಸ್ವಂತ ಗಾಡಿಗೆ ಆದ ನಷ್ಟಕ್ಕೆ, ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದ ಹೊರತು, ಬಿಡಿಗಾಸೂ ಇಲ್ಲ. ಅದಕ್ಕೆ 14 ದಿನಗಳೊಳಗೆ ಅರ್ಜಿ ಕೊಡಬೇಕು. ಹಿಂದಿನವರು ಗಳಿಸಿದ ನೋ ಕ್ಲೇಮ್ ಬೋನಸ್ ಕೂಡ ಅವರ ಸೊತ್ತು, ಗಾಡಿಯೊಡನೆ ಬರುವುದಿಲ್ಲ. ಸಂಖ್ಯೆ ಬದಲಾದ ಮೇಲೆ ಹೊಸ ಸಂಖ್ಯೆಯನ್ನೂ ವಿಳಾಸವನ್ನೂ ಪಾಲಿಸಿಯಲ್ಲಿ ನಮೂದಿಸಿಕೊಳ್ಳಿರಿ.

ನನ್ನಂತೆ ವರ್ಗದ ನೌಕರಿಯವರಿಗೆ 2021ರ ಸೆಪ್ಟೆಂಬರ್ 15ರಿಂದ 'ಬಿ.ಎಚ್.' ಸರಣಿ ಬಂದಿದೆ. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೈನಿಕರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ಪಡೆಯಬಹುದು. ತೆರಿಗೆ ಎರಡೆರಡು ವರ್ಷಕ್ಕೆ. ವರ್ಗವಾದರೆ ಸಂಖ್ಯೆ ಬದಲಿಸಬೇಕಾಗಿಲ್ಲ. ನನ್ನ ಮಗಳು ಕಳೆದ ಸಲ ಆ ಸಂಖ್ಯೆಯ ಕಾರಿನಲ್ಲಿಯೇ ನಮ್ಮನ್ನು ಊರಿಗೆ ಕರೆದೊಯ್ದಳು. ನಿಪ್ಪಾಣಿಯಲ್ಲಿ ಚಹಾ ಕುಡಿಯಲು ನಿಂತಾಗ ಅಂಗಡಿಯವನು ಫಲಕ ನೋಡಿ, "ಯಾವ ಊರ್ರಿ ನಿಮ್ದು?" ಎಂದು ಕೇಳಿದ. "ಧಾರವಾಡ" ಎಂದೆ. "ಹಂಗಾರ ಸಕ್ರಿ ಜಾಸ್ತಿ ಹಾಕ್ತೀನಿ" ಎಂದ.

ನಮೂನೆ 28, 29 ಮತ್ತು 30ರ ಪ್ರತಿಗಳನ್ನು ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲಿವೆ.